ಅಡುಗೆಮನೆಯ ಡ್ರಾಯರಿನಲ್ಲಿ ಬೀಜ ಉಳಿಯುವುದಿಲ್ಲ



ಮುಂದೆ ಓದುವ ಮೊದಲು ಒಮ್ಮೆ ನಿಮ್ಮ ಅಡುಗೆಮನೆಯ ಡ್ರಾಯರ್ ತೆಗೆದು ನೋಡಿ. ಬ್ಯಾಟರಿ, ರಬ್ಬರ್ ಬ್ಯಾಂಡ್, ಹಳೆಯ ಬಿಲ್ಲುಗಳ ನಡುವೆ ಒಂದಾದರೂ ಬೀಜದ ಪೊಟ್ಟಣ ಇದ್ದೇ ಇರುತ್ತದೆ ಎಂದು ನನ್ನ ಊಹೆ. ರಜೆಗೆ ಊರಿಗೆ ಹೋದಾಗ ಅಜ್ಜಿಯೋ ದೊಡ್ಡಮ್ಮನೋ ಕಟ್ಟಿಕೊಟ್ಟ ಹೀರೆ ಬೀಜ ಇರಬಹುದು. ಇಲ್ಲವೇ 2020ರಲ್ಲಿ ಎನ್‌ಪಾರ್ಕ್ಸ್ ‘ಗಾರ್ಡನಿಂಗ್ ವಿತ್ ಎಡಿಬಲ್ಸ್’ ಯೋಜನೆಯಲ್ಲಿ ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಉಚಿತವಾಗಿ ಕೊಟ್ಟ ತರಕಾರಿ ಬೀಜದಲ್ಲಿ ಉಳಿದದ್ದು ಇರಬಹುದು. “ಮುಂದೆ ಯಾವಾಗಲಾದರೂ ಹಾಕೋಣ” ಎಂದು ಒಳಗಿಟ್ಟದ್ದು ಇನ್ನೂ ಅಲ್ಲೇ ಇದೆ.

ಆ ಬೀಜ ಈಗ ಬದುಕಿದೆಯೇ? ನೋಡಿ ಹೇಳಲು ಆಗುವುದಿಲ್ಲ. ಗಿಡಕ್ಕೆ ನೀರು ಸಾಲದಿದ್ದರೆ ಎಲೆ ಬಾಡುತ್ತದೆ. ಹಾಲು ಕೆಟ್ಟರೆ ವಾಸನೆ ಬರುತ್ತದೆ. ಬೀಜ ಮಾತ್ರ ಸದ್ದಿಲ್ಲದೆ ಸಾಯುತ್ತದೆ. ಸತ್ತ ಮೇಲೂ ಅದೇ ಬಣ್ಣ, ಅದೇ ಹೊಳಪು.

ನನ್ನ ಅಭಿಪ್ರಾಯ ಇದು. ಸಿಂಗಪುರದಲ್ಲಿರುವ ನಾವು ಊರಿನ ಬೀಜವನ್ನು ಹಳೆಯ ಫೋಟೋ ಇಟ್ಟುಕೊಂಡ ಹಾಗೆ ಇಟ್ಟುಕೊಳ್ಳುತ್ತೇವೆ. ಫೋಟೋ ಡ್ರಾಯರಿನಲ್ಲಿ ಹತ್ತು ವರ್ಷ ಇರಬಲ್ಲದು, ಬೀಜ ಇರಲಾರದು. ಅದನ್ನು ಸರಿಯಾಗಿ ಇಡುವುದನ್ನು ನಾವು ಕಲಿಯಬೇಕು. ಕಲಿಯುವುದು ಕಷ್ಟವಲ್ಲ. ಜೊತೆಗೆ, ಇಟ್ಟದ್ದನ್ನು ಆಗಾಗ ಬಿತ್ತಿ ಹೊಸ ಬೀಜ ಮಾಡಿಕೊಳ್ಳಬೇಕು. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಮಾಡಿದರೆ ಸಾವು ಸ್ವಲ್ಪ ತಡವಾಗುತ್ತದೆ, ಅಷ್ಟೇ.

ತೇವವೇ ಶತ್ರು

ಬೀಜದೊಳಗೆ ಒಂದು ಪುಟ್ಟ ಸಸಿ ಮಲಗಿದೆ. ಅದರ ಪಕ್ಕದಲ್ಲಿ ಬುತ್ತಿ ಕಟ್ಟಿಟ್ಟ ಹಾಗೆ ಪಿಷ್ಟ, ಎಣ್ಣೆ, ಪ್ರೋಟೀನ್ ಇದೆ. ಬೀಜ ಚೆನ್ನಾಗಿ ಒಣಗಿದ್ದರೆ ಆ ಸಸಿ ಗಾಢ ನಿದ್ದೆಯಲ್ಲಿರುತ್ತದೆ, ಬುತ್ತಿ ಖರ್ಚಾಗುವುದಿಲ್ಲ. ತೇವ ತಗುಲಿದರೆ ಉಸಿರಾಟ ಜೋರಾಗುತ್ತದೆ, ಒಳಗಿನ ಜೀವಕೋಶಗಳ ಪೊರೆ ನಿಧಾನವಾಗಿ ಹಾಳಾಗುತ್ತದೆ, ಬೂಷ್ಟು ಮತ್ತು ಹುಳ ಸೇರಿಕೊಳ್ಳುತ್ತವೆ. ಮೊಳೆಯುವಷ್ಟು ನೀರೂ ಇಲ್ಲ, ಮಲಗುವಷ್ಟು ಒಣಗಿಯೂ ಇಲ್ಲ ಎಂಬ ನಡುವಿನ ಸ್ಥಿತಿ ಬೀಜಕ್ಕೆ ಬಹಳ ಅಪಾಯ.

ಸಿಂಗಪುರದ ಹವೆ ಬೀಜವನ್ನು ವರ್ಷವಿಡೀ ಈ ನಡುವಿನ ಸ್ಥಿತಿಯಲ್ಲೇ ಇಡುತ್ತದೆ. ನಾವು ಸಮಭಾಜಕ ವೃತ್ತಕ್ಕೆ ಬರೀ ಒಂದು ಡಿಗ್ರಿಯಷ್ಟು ದೂರದಲ್ಲಿದ್ದೇವೆ. ಗಾಳಿಯ ಆರ್ದ್ರತೆಯ ಸರಾಸರಿ ಶೇ 80ಕ್ಕಿಂತ ಹೆಚ್ಚು. ಕರಿದ ಹಪ್ಪಳವನ್ನು ಸಂಜೆಯವರೆಗೆ ತೆರೆದಿಟ್ಟರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. ಬೀಜವೂ ಹಾಗೆಯೇ ಗಾಳಿಯಿಂದ ನೀರು ಹೀರಿಕೊಳ್ಳುತ್ತದೆ. ಮೆತ್ತಗಾದದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಹ್ಯಾರಿಂಗ್ಟನ್ ಎಂಬ ಬೀಜ ವಿಜ್ಞಾನಿ ಇದಕ್ಕೆ ಸುಲಭವಾದ ಅಂದಾಜಿನ ಸೂತ್ರಗಳನ್ನು ಕೊಟ್ಟಿದ್ದಾರೆ. ಬೀಜದೊಳಗಿನ ನೀರಿನ ಅಂಶ ಶೇ 1ರಷ್ಟು ಕಡಿಮೆಯಾದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ಇಟ್ಟ ಜಾಗದ ಉಷ್ಣತೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾದರೂ ಆಯಸ್ಸು ಎರಡರಷ್ಟಾಗುತ್ತದೆ. ಹಾಗಾದರೆ ಶೇ 12 ನೀರಿನಂಶ ಇದ್ದ ಬೀಜವನ್ನು ಶೇ 8ಕ್ಕೆ ಒಣಗಿಸಿದರೆ ಎಷ್ಟಾಯಿತು? ಎರಡನ್ನು ನಾಲ್ಕು ಸಲ ಗುಣಿಸಿ: 16 ಪಟ್ಟು. ಪ್ರೈಮರಿ ತರಗತಿಯ ತಮ್ಮ ತಂಗಿಯರೂ ಮಾಡಬಹುದಾದ ಲೆಕ್ಕ.

ಇನ್ನೊಂದು ಸೂತ್ರ ಇನ್ನೂ ಸುಲಭ. ಇಟ್ಟ ಜಾಗದ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದು, ಅದಕ್ಕೆ ಆರ್ದ್ರತೆಯ ಶೇಕಡಾ ಸಂಖ್ಯೆಯನ್ನು ಕೂಡಿಸಿ. ಮೊತ್ತ 100 ದಾಟಬಾರದು. ನಮ್ಮ ಡ್ರಾಯರ್ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಸುಮಾರು 82 ಫ್ಯಾರನ್‌ಹೀಟ್. ಆರ್ದ್ರತೆ 80. ಒಟ್ಟು 162. ಎಸಿ ಹಾಕಿದ ಕೋಣೆ 77 ಫ್ಯಾರನ್‌ಹೀಟ್, ಆರ್ದ್ರತೆ 60 ಎಂದುಕೊಂಡರೂ 137. ಫ್ರಿಜ್ಜಿನಲ್ಲಿ ಬಿಗಿಯಾಗಿ ಮುಚ್ಚಿದ ಬಾಟಲಿಯ ಒಳಗೆ, ಗಾಳಿಯನ್ನು ಒಣಗಿಸಿ ಶೇ 30ಕ್ಕೆ ಇಳಿಸಿದರೆ 39 ಮತ್ತು 30 ಸೇರಿ 69. ಮೂರು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಬೀಜ ಎಲ್ಲಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

“ಅಜ್ಜಿಯ ಹತ್ತಿರ ಫ್ರಿಜ್ ಇತ್ತೇ?”

ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ.

ನಮ್ಮ ಅಜ್ಜಿಯ ಊರು ಪುತ್ತೂರಿನ ಹತ್ತಿರ. ಅಲ್ಲಿ ಮಳೆಗಾಲದ ಹವೆ ಸಿಂಗಪುರದ ಹವೆಗಿಂತ ಕಡಿಮೆ ಒದ್ದೆ ಏನಲ್ಲ. ಆದರೆ ಹಳೆಯ ಮನೆಗಳಲ್ಲಿ ಬೀಜಕ್ಕೆ ಒಣ ಜಾಗ ಮಾಡಿಕೊಳ್ಳುತ್ತಿದ್ದರು. ಸೌದೆ ಒಲೆಯ ಮೇಲಿನ ಅಟ್ಟ ಅಂಥ ಜಾಗ. ದಿನವೂ ಹೊಗೆ, ದಿನವೂ ಬಿಸಿ, ಹಾಗಾಗಿ ಜುಲೈ ತಿಂಗಳಲ್ಲೂ ಅಲ್ಲಿ ತೇವ ಇರುತ್ತಿರಲಿಲ್ಲ. ಸೋರೆ ಬುರುಡೆಯಲ್ಲಿ ಬೀಜ ತುಂಬಿ ಬಾಯಿ ಮುಚ್ಚಿ ತೂಗುಹಾಕುತ್ತಿದ್ದರು. ಕಾಳುಗಳಿಗೆ ಬೂದಿ ಬೆರೆಸುತ್ತಿದ್ದರು. ಬೂದಿ ತೇವವನ್ನೂ ಹೀರುತ್ತದೆ, ಹುಳವನ್ನೂ ದೂರ ಇಡುತ್ತದೆ. ಬಿತ್ತನೆಯ ಭತ್ತಕ್ಕೆ ಬೈಹುಲ್ಲಿನ ಮುಡಿ ಕಟ್ಟುತ್ತಿದ್ದರು. ಇವೆಲ್ಲ ನಮ್ಮ ವಿಜ್ಞಾನದ ಪುಸ್ತಕದಲ್ಲಿ ಇಲ್ಲ. ಆದರೆ ಹ್ಯಾರಿಂಗ್ಟನ್ ಹೇಳಿದ ಮಾತನ್ನೇ ಅವರು ಒಲೆಯ ಮೇಲೆ ಮಾಡಿ ತೋರಿಸುತ್ತಿದ್ದರು.

ಇನ್ನೂ ಎರಡು ವ್ಯತ್ಯಾಸಗಳಿವೆ. ಊರಿನಲ್ಲಿ ಕೊಯ್ಲಿನ ಹೊತ್ತಿಗೆ ಬಿಸಿಲುಕಾಲ ಬರುತ್ತದೆ, ಅಂಗಳದಲ್ಲಿ ಹರಡಿದರೆ ಸಾಕು. ಇಲ್ಲಿ ಬಿಸಿಲುಕಾಲ ಎಂದು ಬೇರೆ ಇಲ್ಲ, ಅಂಗಳವೂ ಇಲ್ಲ. ಎರಡನೆಯದು ಇನ್ನೂ ದೊಡ್ಡದು. ಅಜ್ಜಿ ಬೀಜ ಇಡುತ್ತಿದ್ದದ್ದು ಮುಂದಿನ ಮಳೆಗಾಲದವರೆಗೆ ಮಾತ್ರ. ಏಳೆಂಟು ತಿಂಗಳು ಕಳೆದರೆ ಅದು ಮತ್ತೆ ಮಣ್ಣಿಗೆ ಹೋಗುತ್ತಿತ್ತು. ನಾವು ನಾಲ್ಕು ವರ್ಷ ಡ್ರಾಯರಿನಲ್ಲಿಟ್ಟು, ಮೊಳೆಯದಿದ್ದಾಗ “ಇಲ್ಲಿಯ ಮಣ್ಣು ಸರಿ ಇಲ್ಲ” ಎನ್ನುತ್ತೇವೆ.

ಮನೆಯಲ್ಲಿ ಮಾಡುವ ಕ್ರಮ

ಮೊದಲು ಒಣಗಿಸುವುದು. ಬಲಿತು ಗಿಡದಲ್ಲೇ ಒಣಗಿದ ಕೋಡಿನಿಂದ ಬೀಜ ತೆಗೆಯಿರಿ. ಟೊಮೆಟೊ, ಸೌತೆಯಂಥವನ್ನು ಲೋಳೆ ಹೋಗುವಂತೆ ತೊಳೆಯಿರಿ. ಮಧ್ಯಾಹ್ನದ ಉರಿಬಿಸಿಲಿನಲ್ಲಿ ಕಾದ ಕಟ್ಟೆಯ ಮೇಲೆ ಇಡಬೇಡಿ, ಹೆಚ್ಚು ಬಿಸಿ ಬೀಜವನ್ನು ಕೊಲ್ಲುತ್ತದೆ. ನೆರಳಿನಲ್ಲಿ ಒಣಗಿಸಿ, ಆಮೇಲೆ ಎಸಿ ಹಾಕುವ ಕೋಣೆಯಲ್ಲಿ ಒಂದು ತಟ್ಟೆಯಲ್ಲಿ ಹರಡಿ ಎರಡು ರಾತ್ರಿ ಬಿಡಿ.

ಇಷ್ಟಾದರೂ ಸಾಲುವುದಿಲ್ಲ, ಏಕೆಂದರೆ ಸುತ್ತಲಿನ ಗಾಳಿಗಿಂತ ಹೆಚ್ಚು ಒಣಗಲು ಬೀಜಕ್ಕೆ ಆಗುವುದಿಲ್ಲ. ಅದಕ್ಕೆ ಸಿಲಿಕಾ ಜೆಲ್ ಬೇಕು. ಬೀಜವನ್ನು ಕಾಗದದ ಲಕೋಟೆಯಲ್ಲಿ ಹಾಕಿ, ಬೀಜದಷ್ಟೇ ತೂಕದ ಸಿಲಿಕಾ ಜೆಲ್ ಜೊತೆಗೆ ಗಾಜಿನ ಬಾಟಲಿಯಲ್ಲಿ ಒಂದು ವಾರ ಬಿಗಿಯಾಗಿ ಮುಚ್ಚಿಡಿ. ಜೆಲ್ ಸಣ್ಣ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಜೆಲ್ ಇಲ್ಲದಿದ್ದರೆ ಅಕ್ಕಿಯನ್ನು ಚೆನ್ನಾಗಿ ಹುರಿದು, ಮುಚ್ಚಿದ ಪಾತ್ರೆಯಲ್ಲೇ ಪೂರ್ತಿ ಆರಿಸಿ, ಬಟ್ಟೆಯಲ್ಲಿ ಕಟ್ಟಿ ಬಾಟಲಿಯ ತಳದಲ್ಲಿಡಿ. ಬಿಸಿ ಅಕ್ಕಿ ಹಾಕಬೇಡಿ. ಒಣಗಿತೇ ಎಂದು ತಿಳಿಯಲು, ಅವರೆ ಅಲಸಂಡೆಯಂಥ ಕಾಳನ್ನು ಸುತ್ತಿಗೆಯಿಂದ ಹೊಡೆದರೆ ಚೂರಾಗಬೇಕು, ಜಜ್ಜಿ ಚಪ್ಪಟೆಯಾಗಬಾರದು. ಸೌತೆಯಂಥ ತೆಳು ಬೀಜ ಬಗ್ಗಿಸಿದರೆ ಪಟ್ಟನೆ ಮುರಿಯಬೇಕು.

ಆಮೇಲೆ ತಣ್ಣಗೆ ಇಡುವುದು. ತೆಳು ಪ್ಲಾಸ್ಟಿಕ್ ಚೀಲ ತೇವವನ್ನು ತಡೆಯುವುದಿಲ್ಲ. ರಬ್ಬರ್ ಬಿಗಿ ಇರುವ ಮುಚ್ಚಳದ ಗಾಜಿನ ಬಾಟಲಿ ಒಳ್ಳೆಯದು. ಸ್ವಲ್ಪ ಜೆಲ್ ಜೊತೆಗೇ ಇರಲಿ. ಫ್ರಿಜ್ಜಿನ ಬಾಗಿಲಿನಲ್ಲಿ ಬೇಡ, ಬಾಗಿಲು ತೆರೆದಾಗಲೆಲ್ಲ ಅಲ್ಲಿ ಬಿಸಿ ಹೆಚ್ಚು. ಒಳಗಿನ ಮೂಲೆಯಲ್ಲಿ, ಇಡ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಇಡಿ. ಫ್ರೀಜರ್ ಅಗತ್ಯವಿಲ್ಲ. ಸರಿಯಾಗಿ ಒಣಗದ ಬೀಜದೊಳಗಿನ ನೀರು ಅಲ್ಲಿ ಮಂಜುಗಡ್ಡೆಯಾಗಿ ಬೀಜವನ್ನೇ ಕೊಲ್ಲುತ್ತದೆ.

ಒಂದು ವಿಷಯ ತುಂಬಾ ಮುಖ್ಯ. ಎಂಆರ್‌ಟಿ ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ಕನ್ನಡಕ ಮಂಜಾಗುತ್ತದಲ್ಲ? ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ತಕ್ಷಣ ತೆರೆದರೆ ಬೀಜಕ್ಕೂ ಅದೇ ಆಗುತ್ತದೆ. ಬಾಟಲಿಯನ್ನು ಮುಚ್ಚಿದಂತೆಯೇ ಕೆಲವು ಗಂಟೆ ಮೇಜಿನ ಮೇಲೆ ಬಿಡಿ, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ತೆರೆಯಿರಿ.

ಕೊನೆಗೆ ಲಕೋಟೆಯ ಮೇಲೆ ಹೆಸರು, ಎಲ್ಲಿಯದು, ಯಾವ ತಿಂಗಳು, ಯಾವ ವರ್ಷ ಎಂದು ಬರೆಯಿರಿ. ಏಕೆಂದರೆ ಎಲ್ಲ ಬೀಜಗಳ ಆಯಸ್ಸು ಒಂದೇ ಅಲ್ಲ. ತಂಪಾದ ಒಣ ಜಾಗದಲ್ಲಿಟ್ಟರೂ ಈರುಳ್ಳಿ ಬೀಜ ಒಂದೆರಡು ವರ್ಷ, ಬೆಂಡೆ ಸುಮಾರು ಎರಡು, ಬೀನ್ಸ್ ಮೂರು, ಬದನೆ ಮತ್ತು ಟೊಮೆಟೊ ನಾಲ್ಕು, ಸೌತೆ ಐದು ವರ್ಷ ಎಂದು ತೋಟಗಾರರು ಲೆಕ್ಕ ಹಿಡಿಯುತ್ತಾರೆ. ತಾರೀಖು ಇಲ್ಲದ ಲಕೋಟೆಗೆ ಈ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ.

ಫ್ರಿಜ್ಜಿಗೆ ಹೋಗಬಾರದ ಬೀಜಗಳು

ಮೇಲೆ ಹೇಳಿದ್ದು ಒಣಗಿದರೆ ಬದುಕುವ ಬೀಜಗಳ ವಿಷಯ. ಒಣಗಿದರೆ ಸಾಯುವ ಬೀಜಗಳೂ ಇವೆ. ಹಲಸು, ಮಾವು, ಡ್ಯೂರಿಯನ್, ರಂಬೂಟನ್ ಈ ಜಾತಿಯವು. ಕರಿಬೇವಿನ ಬೀಜವೂ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಇವನ್ನು ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು.

ಸಿಂಗಪುರದ ಚರಿತ್ರೆಯಲ್ಲೇ ಇದಕ್ಕೆ ಉದಾಹರಣೆ ಇದೆ. 1876ರಲ್ಲಿ ಹೆನ್ರಿ ವಿಕ್‌ಹ್ಯಾಮ್ ಬ್ರೆಜಿಲ್‌ನಿಂದ ಸುಮಾರು 70,000 ರಬ್ಬರ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ತಲುಪಿಸಿದರು. ತಡಮಾಡದೆ ಬಿತ್ತಿದರೂ ಮೊಳೆತದ್ದು ಸುಮಾರು 2,700 ಮಾತ್ರ. ಉಳಿದವು ಹಡಗಿನ ಪ್ರಯಾಣದಲ್ಲೇ ಶಕ್ತಿ ಕಳೆದುಕೊಂಡಿದ್ದವು. 1877ರಲ್ಲಿ ಸಿಂಗಪುರಕ್ಕೆ ಬಂದದ್ದು 22 ಸಸಿಗಳು. ಬೀಜವನ್ನು ಮತ್ತೊಮ್ಮೆ ಹಡಗು ಹತ್ತಿಸಿದ್ದರೆ ಉಳಿಯುತ್ತಿರಲಿಲ್ಲ. ಆಮೇಲೆ ಮಲಯ ದೇಶದ ತುಂಬ ರಬ್ಬರ್ ತೋಟಗಳು ಬೆಳೆದವು. ಯಾವ ಬೀಜವನ್ನು ಇಡಬಹುದು, ಯಾವುದನ್ನು ಇಡಲಾಗದು ಎಂದು ತಿಳಿದಿರುವುದು ಎಷ್ಟು ದೊಡ್ಡ ವಿಷಯ ನೋಡಿ.

ಈಗ ಇದೇ ಸಿಂಗಪುರ ಬಟಾನಿಕ್ ಗಾರ್ಡನ್ಸ್‌ನಲ್ಲಿ ಒಂದು ಬೀಜ ಬ್ಯಾಂಕ್ ಇದೆ, 2019ರಲ್ಲಿ ತೆರೆದದ್ದು. ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ 2008ರಿಂದ ಪ್ರಪಂಚದ ಬೆಳೆಗಳ ಬೀಜಗಳನ್ನು ಮೈನಸ್ 18 ಡಿಗ್ರಿಯಲ್ಲಿ ಇಟ್ಟಿದ್ದಾರೆ. ಅಲ್ಲಿಯೂ ಮಾಡುವುದು ಒಣಗಿಸಿ, ಮುಚ್ಚಿ, ತಣ್ಣಗಿಡುವ ಕೆಲಸವನ್ನೇ. ನಮ್ಮದು ಅದರ ಸಣ್ಣ ರೂಪ.

ಗ್ರೋ ಬ್ಯಾಗಿನಲ್ಲಿ 650 ಭತ್ತ

“ನಮ್ಮ ಫ್ಲಾಟಿನಲ್ಲಿ ಜಾಗ ಎಲ್ಲಿದೆ?” ಎಂಬುದು ಆಂಟಿ, ಅಂಕಲ್‌ಗಳು ಮೊದಲು ಹೇಳುವ ಮಾತು. ಅದಕ್ಕೆ ಉತ್ತರ ಕಾಸರಗೋಡಿನಲ್ಲಿದೆ, ನಮ್ಮ ಅಜ್ಜಿಯ ಊರಿನಿಂದ ಗಡಿ ದಾಟಿದರೆ ಸಿಗುವ ಜಿಲ್ಲೆಯಲ್ಲಿ. ಅಲ್ಲಿಯ ರೈತ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಸಾಂಪ್ರದಾಯಿಕ ಭತ್ತದ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇಷ್ಟೊಂದು ತಳಿಗಳಿಗೆ ಎಷ್ಟು ಎಕರೆ ಗದ್ದೆ ಬೇಕು ಎಂದು ಅನ್ನಿಸಬಹುದು. ಅವರು ಕಾಗದದ ಲೋಟಗಳಲ್ಲಿ ಸಸಿ ಮಾಡಿ, ಗ್ರೋ ಬ್ಯಾಗ್‌ಗಳಲ್ಲಿ ಭತ್ತ ಬೆಳೆಯುತ್ತಾರೆ.

ಅವರ ಕೆಲಸದಿಂದ ನಾನು ಕಲಿತದ್ದು ಒಂದು. ಬೀಜ ಉಳಿಸುವುದೆಂದರೆ ಕಪಾಟು ತುಂಬಿಸುವುದಲ್ಲ. ಒಂದೊಂದು ತಳಿಯನ್ನೂ ಸ್ವಲ್ಪ ಸ್ವಲ್ಪ ಬೆಳೆದು, ಹೊಸ ಬೀಜ ತೆಗೆದು, ಮತ್ತೆ ಇಡಬೇಕು. ತಳಿಯನ್ನು ಜೀವಂತವಾಗಿಡಲು ಒಂದು ಚೀಲದ ಮಣ್ಣು ಸಾಕು. ಆ ಚೀಲ ಎಚ್‌ಡಿಬಿ ಫ್ಲಾಟಿನ ಕಿಟಕಿಯ ಪಕ್ಕದಲ್ಲೂ ಹಿಡಿಯುತ್ತದೆ.

ನಮ್ಮ ಅಜ್ಜಿಯ ತೋಟದಲ್ಲಿ ಈಗ ಅಡಿಕೆ ಮಾತ್ರ ಉಳಿದಿದೆ. ಅವರಿಗೆ ಮೊಣಕಾಲು ನೋವು, ತರಕಾರಿ ಸಾಲು ಮಾಡುವವರು ಯಾರೂ ಇಲ್ಲ. ಅವರು ಪ್ರತಿ ವರ್ಷ ಹಾಕುತ್ತಿದ್ದ ಕೆಂಪು ಕೋಡಿನ ಅಲಸಂಡೆ ಈಗ ಆ ಮನೆಯಲ್ಲೇ ಇಲ್ಲ. ಕೊನೆಯದಾಗಿ ಕಟ್ಟಿಕೊಟ್ಟ ಬೀಜ ನಮ್ಮ ಫ್ರಿಜ್ಜಿನಲ್ಲಿದೆ. ಅದರಲ್ಲಿ ಹತ್ತನ್ನು ಒದ್ದೆ ಟಿಶ್ಯೂ ಕಾಗದದಲ್ಲಿಟ್ಟು ನೋಡಿದೆವು, ಏಳು ಮೊಳೆತವು. ಆ ಏಳೂ ಈಗ ಬಳ್ಳಿಯಾಗಿವೆ. ಕಳೆದ ತಿಂಗಳು ಅಮ್ಮ ವಿಡಿಯೋ ಕಾಲ್ ಮಾಡಿ ಅಜ್ಜಿಗೆ ಕೋಡು ತೋರಿಸಿದರು. “ಎರಡು ಬಳ್ಳಿಯದ್ದು ಕೊಯ್ಯಬೇಡಿ, ಬೀಜಕ್ಕೆ ಬಿಡಿ, ಬರುವಾಗ ನನಗೂ ಸ್ವಲ್ಪ ತನ್ನಿ” ಎಂದರು ಅಜ್ಜಿ. ಬೀಜ ಇಷ್ಟು ವರ್ಷ ಊರಿನಿಂದ ಸಿಂಗಪುರಕ್ಕೆ ಬರುತ್ತಿತ್ತು. ಈಗ ಸಿಂಗಪುರದಿಂದ ಊರಿಗೆ ಹೋಗಬೇಕಾಗಿದೆ.

“ಅಂಗಡಿಯಲ್ಲಿ ಸಿಗುವುದಿಲ್ಲವೇ?”

ಸಿಗುತ್ತದೆ. ಕಾಂಗ್‌ಕಾಂಗ್, ಬೆಂಡೆ, ಕೊತ್ತಂಬರಿ ಬೇಕಾದರೆ ಹೊಸ ಪೊಟ್ಟಣ ಕೊಳ್ಳುವುದೇ ಸುಲಭ, ನಾನು ಬೇಡ ಎನ್ನುವುದಿಲ್ಲ. ಪೊಟ್ಟಣದ ಮೇಲೆ ‘ಎಫ್1’ ಎಂದಿದ್ದರೆ ಅದರ ಗಿಡದ ಬೀಜ ಇಟ್ಟುಕೊಳ್ಳುವುದರಲ್ಲೂ ಅರ್ಥವಿಲ್ಲ, ಮುಂದಿನ ಗಿಡ ತಾಯಿ ಗಿಡದ ಹಾಗೆ ಬರುವುದಿಲ್ಲ. ಆದರೆ ಕೆಂಪು ಕೋಡಿನ ಅಲಸಂಡೆಯನ್ನು ಯಾವ ಅಂಗಡಿಯಲ್ಲಿ ಕೇಳುವುದು? ಅಂಗಡಿಯ ಪೊಟ್ಟಣದಲ್ಲಿ ‘ಲಾಂಗ್ ಬೀನ್’ ಎಂದಷ್ಟೇ ಇರುತ್ತದೆ. ಬೀಜ ಹೋದರೆ ಅದರ ಹೆಸರೂ ಹೋಗುತ್ತದೆ, ಅದರಿಂದ ಮಾಡುತ್ತಿದ್ದ ಪಲ್ಯದ ರುಚಿಯೂ ಹೋಗುತ್ತದೆ. ಭಾಷೆಯೂ ಬೀಜದ ಹಾಗೆ ಎಂದು ಪ್ರತಿ ರಾಜ್ಯೋತ್ಸವದಲ್ಲಿ ದೊಡ್ಡವರು ಹೇಳುತ್ತಾರೆ. ಅದನ್ನು ನಾನು ಮತ್ತೆ ಹೇಳುವುದಿಲ್ಲ. ಬೀಜ ಬೀಜದ ಹಾಗೆ ಇದ್ದರೂ ಸಾಕು, ಅದನ್ನು ಉಳಿಸಲು ಕಾರಣವಿದೆ.

ಊರಿನಿಂದ ಇಲ್ಲಿಗೆ ಅಥವಾ ಇಲ್ಲಿಂದ ಊರಿಗೆ ಬೀಜ ಒಯ್ಯುವ ಮೊದಲು ಎರಡೂ ದೇಶಗಳ ನಿಯಮ ನೋಡಿಕೊಳ್ಳಿ. ಬೀಜದ ಜೊತೆ ರೋಗ, ಹುಳ ದೇಶ ದಾಟಬಾರದು ಎಂದು ಆ ನಿಯಮಗಳಿವೆ. ಇಲ್ಲಿಯ ನಿಯಮ ಎನ್‌ಪಾರ್ಕ್ಸ್‌ನಲ್ಲಿ ಸಿಗುತ್ತದೆ. ಅದರಿಂದಲೇ ಇಲ್ಲಿ ಈಗಾಗಲೇ ಇರುವ ಬೀಜವನ್ನು ಚೆನ್ನಾಗಿ ಇಟ್ಟುಕೊಳ್ಳುವುದು, ನಮ್ಮೊಳಗೇ ಹಂಚಿಕೊಳ್ಳುವುದು ಇನ್ನೂ ಮುಖ್ಯ.

ನಮ್ಮ ಶಾಲೆಗೆ ಒಂದು ಸಲಹೆ

ಒಬ್ಬರ ಮನೆಯ ಫ್ರಿಜ್ ಕೆಡಬಹುದು, ಒಬ್ಬರ ಬಳ್ಳಿಗೆ ಹುಳ ಬೀಳಬಹುದು. ಅದೇ ಬೀಜ ಐದು ಮನೆಗಳಲ್ಲಿದ್ದರೆ ಭಯವಿಲ್ಲ. ಆದ್ದರಿಂದ ನಮ್ಮ ಶಾಲೆಯಲ್ಲಿ ವರ್ಷಕ್ಕೆ ಎರಡು ಸಲ ಬೀಜದ ದಿನ ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ಪ್ರತಿ ಮನೆಯವರು ತಾವು ಬೆಳೆದ ಯಾವುದಾದರೂ ಒಂದರ ಇಪ್ಪತ್ತು ಬೀಜ ತರಲಿ. ಚಿಕ್ಕ ತರಗತಿಯ ಮಕ್ಕಳು ಲಕೋಟೆಯ ಮೇಲೆ ಹೆಸರು, ಊರು, ತಿಂಗಳು, ವರ್ಷವನ್ನು ಕನ್ನಡದಲ್ಲಿ ಬರೆಯಲಿ. ‘ಹೀರೆಕಾಯಿ’, ‘ಅಲಸಂಡೆ’, ‘ಬಸಳೆ’ ಬರೆದರೆ ಕಾಗುಣಿತದ ಅಭ್ಯಾಸವೂ ಆಗುತ್ತದೆ, ಶಿಕ್ಷಕರಿಗೂ ಖುಷಿ. ಪಡೆದವರು ಬೆಳೆದು, ಮುಂದಿನ ಸಲ ಅಷ್ಟೇ ಬೀಜ ಹಿಂದಿರುಗಿಸಲಿ. ದುಡ್ಡಿನ ಖರ್ಚು ಏನೂ ಇಲ್ಲ.

ಶಾಲೆ ತೀರ್ಮಾನ ಮಾಡುವವರೆಗೆ ಕಾಯಬೇಕಾಗಿಲ್ಲ. ಈ ವಾರವೇ ಡ್ರಾಯರಿನ ಪೊಟ್ಟಣದಿಂದ ಹತ್ತು ಬೀಜ ಎಣಿಸಿ, ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಒಂದು ಡಬ್ಬಿಯಲ್ಲಿಡಿ. ಕಾಗದ ಒಣಗದಂತೆ ನೋಡಿಕೊಳ್ಳಿ. ಹತ್ತು ದಿನ ಬಿಟ್ಟು ಎಷ್ಟು ಮೊಳೆತಿವೆ ಎಂದು ಎಣಿಸಿ. ಎಂಟು ಬಂದರೆ ಉಳಿದದ್ದನ್ನು ಒಣಗಿಸಿ ಬಾಟಲಿಗೆ ಹಾಕಿ. ಮೂರು ಬಂದರೆ ಕಾಯಬೇಡಿ, ಇದ್ದದ್ದನ್ನೆಲ್ಲ ಈಗಲೇ ಬಿತ್ತಿಬಿಡಿ. ಒಂದೂ ಬರದಿದ್ದರೆ ಊರಿಗೆ ಫೋನ್ ಮಾಡಿ, ಆ ಬೀಜ ಇನ್ನೂ ಯಾರ ಮನೆಯಲ್ಲಾದರೂ ಇದೆಯೇ ಎಂದು ಕೇಳಿ. ಕೇಳುವುದಕ್ಕೆ ಅಜ್ಜಿ ಇರುವಾಗಲೇ ಕೇಳಿ.

— ಸೆಕೆಂಡರಿ 4ರ ವಿದ್ಯಾರ್ಥಿನಿ